ಹಠಾತ್ ನೋವಿನ ಚಿಕಿತ್ಸೆಯ ಬಗ್ಗೆ ಸಿಎಂಇ ನಡೆಸುವ ಬಗೆ: ಮಂಗಳೂರು, ಉಡುಪಿಯ ಸಂಘಟಕರಿಗಾಗಿ

ಭಾರತೀಯ ವೈದ್ಯಕೀಯ ಸಂಘದ (ಐಎಂಎ) ಶಾಖೆಯ ಕಾರ್ಯದರ್ಶಿಯಾಗಿಯೋ, ಅರಿವಳಿಕೆ ವಿಭಾಗದ ಕಿರಿಯ ಅಧ್ಯಾಪಕರಾಗಿಯೋ, ತಾಲೂಕು ಆಸ್ಪತ್ರೆಯ ವೈದ್ಯರಾಗಿಯೋ ಇರುವ ನಿಮ್ಮ ಹೆಗಲಿಗೆ ‘ನೋವಿನ ಬಗ್ಗೆ ಒಂದು ಸಿಎಂಇ (ವೈದ್ಯರ ಮುಂದುವರಿದ ಶಿಕ್ಷಣದ ಸಭೆ) ಮಾಡಿ’ ಎಂಬ ಕೆಲಸ ಬಂದಿದ್ದರೆ, ಸಭಾಂಗಣ ಕಾದಿರಿಸುವುದಕ್ಕೆ ಮೊದಲು ನಿಮ್ಮದೇ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಾರ್ಡಿಗೆ ಹೋಗಿ ಇಪ್ಪತ್ತು ಮೂವತ್ತು ಕೇಸ್ ಶೀಟುಗಳನ್ನು ತೆರೆದು ಓದಿ. ಶಸ್ತ್ರಚಿಕಿತ್ಸೆ, ಪೆಟ್ಟು, ಸುಟ್ಟಗಾಯ, ಹೆರಿಗೆ, ಮೂತ್ರಪಿಂಡದ ಕಲ್ಲು ಮೊದಲಾದವುಗಳಿಂದ ಹಠಾತ್ತನೆ ಬರುವ ನೋವಿನ ಬಗ್ಗೆ ನಮ್ಮ ವೈದ್ಯರಿಗೆ ಗೊತ್ತಿಲ್ಲದ ಔಷಧಗಳು ಕಡಿಮೆ. ಗೊತ್ತಿರುವ ಔಷಧ ಗೊತ್ತಿರುವ ಪ್ರಮಾಣದಲ್ಲಿ ರಾತ್ರಿ ಎರಡು ಗಂಟೆಗೆ ರೋಗಿಗೆ ತಲುಪದೆ ಇರುವುದೇ ದೊಡ್ಡ ಕೊರತೆ. ಆ ಕೊರತೆ ಎಲ್ಲಿದೆ ಎಂಬುದನ್ನು ಕೇಸ್ ಶೀಟು ತೋರಿಸಿಕೊಡುತ್ತದೆ, ಮತ್ತು ಸಭೆಯ ಕಾರ್ಯಕ್ರಮ ಪಟ್ಟಿ ಅಲ್ಲಿಂದಲೇ ಹುಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೇಸ್ ಶೀಟಿನಲ್ಲಿ ಏನನ್ನು ನೋಡಬೇಕು

ಬಹಳಷ್ಟು ಹಾಳೆಗಳಲ್ಲಿ ಒಂದೇ ಬಗೆಯ ಸಾಲು ಕಾಣಸಿಗುತ್ತದೆ: ‘ಇಂಜೆಕ್ಷನ್ ಟ್ರಮಡಾಲ್ 50 ಮಿ.ಗ್ರಾಂ., ಎಸ್‌ಒಎಸ್’. ಎಂದರೆ, ಟ್ರಮಡಾಲ್ ಎಂಬ ನೋವುನಿವಾರಕವನ್ನು ಬೇಕೆನಿಸಿದಾಗ ಮಾತ್ರ ಕೊಡಿ. ಈ ಸಾಲು ರಾತ್ರಿ ಹೇಗೆ ನಡೆಯುತ್ತದೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟುಕೊಳ್ಳಿ. ರೋಗಿ ನೋವನ್ನು ತಡೆದುಕೊಳ್ಳಲು ನೋಡುತ್ತಾನೆ, ಆಗದಿದ್ದಾಗ ಜೊತೆಗಿದ್ದವರನ್ನು ಎಬ್ಬಿಸುತ್ತಾನೆ, ಅವರು ನರ್ಸಿಂಗ್ ಸ್ಟೇಷನ್ನಿಗೆ ಹೋಗುತ್ತಾರೆ, ಸಿಸ್ಟರ್ ಇನ್ನೊಬ್ಬ ರೋಗಿಗೆ ಡ್ರಿಪ್ ಹಾಕುತ್ತಿರುತ್ತಾರೆ, ಕೊನೆಗೆ ಡ್ಯೂಟಿ ಡಾಕ್ಟರಿಗೆ ಫೋನ್ ಹೋಗುತ್ತದೆ, ಅವರು ಕ್ಯಾಶುವಾಲ್ಟಿಯಲ್ಲಿ ಸಿಕ್ಕಿಬಿದ್ದಿರುತ್ತಾರೆ. ಇದರಲ್ಲಿ ಯಾರದೂ ಉದಾಸೀನವಿಲ್ಲ. ನೋವು ಬಂದ ಮೇಲೆಯೇ ಮದ್ದು ಎಂದು ಬರೆದ ಆದೇಶದಲ್ಲೇ ವಿಳಂಬ ಅಡಗಿದೆ. ಅದರ ಬದಲು ಪ್ಯಾರಾಸಿಟಮಾಲ್ ಗಡಿಯಾರದ ಪ್ರಕಾರ ಆರು ಗಂಟೆಗೊಮ್ಮೆ, ವಿರೋಧ ಕಾರಣಗಳಿಲ್ಲದಿದ್ದರೆ ಉರಿಯೂತ ಶಮನದ ಔಷಧ ನಿಗದಿತ ಹೊತ್ತಿಗೆ, ಅದರ ಮೇಲೂ ನೋವು ಮುಂದುವರಿದರೆ ಓಪಿಯಾಯ್ಡ್ (ಮಾರ್ಫಿನ್ ಬಗೆಯ ನೋವುನಿವಾರಕ) ಇಷ್ಟು, ಅದನ್ನು ಕೊಡುವ ಮೊದಲು ಇಂಥಿಂಥವನ್ನು ನೋಡಿ, ಹೀಗಾದರೆ ಇಂಥವರಿಗೆ ಕರೆ ಮಾಡಿ ಎಂದು ಬರೆದಿದ್ದರೆ ಆ ರಾತ್ರಿಯೇ ಬೇರೆಯಾಗುತ್ತದೆ.

ಹಾಳೆಗಳಿಂದ ಮೂರು ವಿಷಯಗಳನ್ನು ಎಣಿಸಿಕೊಂಡರೆ ಸಾಕು: ನೋವಿನ ಅಂಕ (ಸೊನ್ನೆಯಿಂದ ಹತ್ತರೊಳಗೆ ರೋಗಿ ಹೇಳುವ ಅಳತೆ) ಎಷ್ಟು ಬಾರಿ ದಾಖಲಾಗಿದೆ, ನಿಗದಿತ ಹೊತ್ತಿನ ಔಷಧ ಎಷ್ಟು ಮಂದಿಗೆ ಬರೆಯಲಾಗಿದೆ, ಬರೆದದ್ದರಲ್ಲಿ ನಿಜವಾಗಿ ಕೊಟ್ಟದ್ದೆಷ್ಟು. ರೋಗಿಗಳ ಹೆಸರು, ಆಸ್ಪತ್ರೆ ಸಂಖ್ಯೆ ಯಾವುದನ್ನೂ ಹೊರಗೆ ಒಯ್ಯಬೇಡಿ. ಆಸ್ಪತ್ರೆಯ ಮುಖ್ಯಸ್ಥರ ಅನುಮತಿಯನ್ನು ಲಿಖಿತವಾಗಿ ಪಡೆಯಿರಿ. ಈ ಸಂಖ್ಯೆಗಳೇ ಸಭೆಯ ಮೊದಲ ಸ್ಲೈಡ್ ಆಗಬೇಕು ಮತ್ತು ಮೂರು ತಿಂಗಳ ನಂತರ ಹೋಲಿಸಿ ನೋಡಲು ಆಧಾರವೂ ಆಗಬೇಕು.

ಯಾರನ್ನು ಕರೆಯಬೇಕು, ಯಾವಾಗ, ಎಲ್ಲಿ

ನೋವಿನ ಸಿಎಂಇಗೆ ಅರಿವಳಿಕೆ ತಜ್ಞರನ್ನಷ್ಟೇ ಕರೆಯುವುದು ನಮ್ಮಲ್ಲಿ ಬೆಳೆದು ಬಂದಿರುವ ರೂಢಿ. ಆದರೆ ವಾರ್ಡಿನಲ್ಲಿ ಔಷಧ ಬರೆಯುವವರು ಶಸ್ತ್ರಚಿಕಿತ್ಸಕರು, ಎಲುಬು ತಜ್ಞರು, ಪ್ರಸೂತಿ ತಜ್ಞರು ಮತ್ತು ಅವರ ಕೈಕೆಳಗಿನ ಸ್ನಾತಕೋತ್ತರ ವಿದ್ಯಾರ್ಥಿಗಳು, ಕೊಡುವವರು ನರ್ಸುಗಳು, ಪೆಟ್ಟುಬಿದ್ದವರನ್ನು ಮೊದಲು ನೋಡುವವರು ಬೈಂದೂರು, ಕಾರ್ಕಳ, ಬೆಳ್ತಂಗಡಿ, ಸುಳ್ಯದ ಕಡೆಯ ವೈದ್ಯರು. ಇವರಿಲ್ಲದ ಸಭೆಯಲ್ಲಿ ಗೊತ್ತಿರುವವರು ಗೊತ್ತಿರುವವರಿಗೆ ಹೇಳುವುದಷ್ಟೇ ನಡೆಯುತ್ತದೆ. ಒಟ್ಟು ಆಸನಗಳಲ್ಲಿ ಮೂರನೇ ಒಂದು ಭಾಗವನ್ನಾದರೂ ನರ್ಸುಗಳಿಗೆ ಮೀಸಲಿಟ್ಟು, ಒಂದೇ ವಾರ್ಡಿನ ವೈದ್ಯರೂ ನರ್ಸೂ ಜೋಡಿಯಾಗಿ ಬರುವಂತೆ ಆಹ್ವಾನಿಸಿ. ಆದೇಶ ಬರೆಯುವವರೂ ಅದನ್ನು ನಡೆಸುವವರೂ ಅಕ್ಕಪಕ್ಕದಲ್ಲಿ ಕುಳಿತು ಕೇಳಿದ್ದು ಮರುದಿನ ಜಾರಿಗೆ ಬರುವ ಸಾಧ್ಯತೆ ಹೆಚ್ಚು.

ದಿನ ಗೊತ್ತುಮಾಡುವಾಗ ಊರಿನ ಪಂಚಾಂಗವನ್ನು ಎದುರಿಗಿಟ್ಟುಕೊಳ್ಳಬೇಕು. ಖಾಸಗಿ ವೈದ್ಯರಿಗೆ ಭಾನುವಾರವೇ ಅನುಕೂಲ, ಆದರೆ ಬೆಳಗಿನ ಪೂಜೆಗೆ ಚರ್ಚಿಗೆ ಹೋಗಿ ಬರುವವರನ್ನು ನೆನೆದು ಒಂಬತ್ತೂವರೆಯ ಮೊದಲು ಆರಂಭಿಸಬೇಡಿ. ರಂಜಾನ್ ತಿಂಗಳಲ್ಲಿ ಸಂಜೆಯ ಸಭೆ ಬೇಡ. ಚೌತಿ, ಅಷ್ಟಮಿ, ವಿಟ್ಲಪಿಂಡಿ, ಮಂಗಳೂರು ದಸರಾ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ನಡೆಯುವ ಪರ್ಯಾಯ ಉತ್ಸವ, ಸ್ನಾತಕೋತ್ತರ ಪರೀಕ್ಷೆಗಳು ಇವೆಲ್ಲವನ್ನೂ ತಪ್ಪಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ನಂಬಿ ಬೆಂಗಳೂರಿನಿಂದ ಭಾಷಣಕಾರರನ್ನು ಕರೆಸುವುದು ಕಷ್ಟ. ಹಾಗೆ ನೋಡಿದರೆ ಹೊರಗಿನವರ ಅಗತ್ಯವೂ ಅಷ್ಟಿಲ್ಲ. ಮಣಿಪಾಲದಿಂದ ದೇರಳಕಟ್ಟೆಯವರೆಗೆ ಇಷ್ಟು ವೈದ್ಯಕೀಯ ಕಾಲೇಜುಗಳಿರುವ ಈ ಕರಾವಳಿ ಪಟ್ಟಿಯಲ್ಲಿ ನೋವಿನ ವಿಷಯ ಬಲ್ಲ ಅಧ್ಯಾಪಕರಿಗೆ ಬರವಿಲ್ಲ, ಮತ್ತು ನಮ್ಮ ವಾರ್ಡುಗಳ ಸ್ಥಿತಿ ಅವರಿಗೆ ಗೊತ್ತಿರುತ್ತದೆ.

ಸ್ಥಳವಾಗಿ ಹೋಟೆಲಿಗಿಂತ ಬೋಧನಾ ಆಸ್ಪತ್ರೆಯ ಸಭಾಂಗಣ ಎಲ್ಲ ರೀತಿಯಿಂದಲೂ ಮೇಲು. ಖರ್ಚು ಕಡಿಮೆಯಾಗುವುದಲ್ಲದೆ, ಅಲ್ಟ್ರಾಸೌಂಡ್ ಯಂತ್ರದ ವಿಷಯದಲ್ಲಿ ಕಾನೂನಿನ ತೊಡಕೂ ತಪ್ಪುತ್ತದೆ. ಆ ಮಾತು ಮುಂದೆ ಬರುತ್ತದೆ.

ಕ್ರೆಡಿಟ್ ಗಂಟೆ ಮತ್ತು ಹಣ

ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಲು ವೈದ್ಯರಿಗೆ ಇಂಥ ಸಭೆಗಳಲ್ಲಿ ಪಾಲ್ಗೊಂಡದ್ದಕ್ಕೆ ಸಿಗುವ 30 ಕ್ರೆಡಿಟ್ ಗಂಟೆಗಳು ಬೇಕಾಗುತ್ತವೆ. ಆದ್ದರಿಂದ ಕ್ರೆಡಿಟ್ ಸಿಗುವ ಸಭೆಗೆ ಜನ ಬರುತ್ತಾರೆ ಎಂಬುದು ನಿಜ, ಮತ್ತು ಅದರಲ್ಲಿ ತಪ್ಪೇನೂ ಇಲ್ಲ. ಕಾರ್ಯಕ್ರಮ ಪಟ್ಟಿ, ಭಾಷಣಕಾರರ ವಿವರ, ಆಯೋಜಿಸುವ ಸಂಸ್ಥೆಯ ಮಾಹಿತಿಯೊಂದಿಗೆ ಪರಿಷತ್ತಿಗೆ ಸಾಕಷ್ಟು ಮುಂಚಿತವಾಗಿ ಅರ್ಜಿ ಹಾಕಿ. ಪರಿಷತ್ತಿನಿಂದ ವೀಕ್ಷಕರು ಬರುವುದರಿಂದ ಪಟ್ಟಿಯಲ್ಲಿ ಬರೆದ ಹೊತ್ತಿಗೆ ಬರೆದದ್ದೇ ನಡೆಯುವಂತೆ ನೋಡಿಕೊಳ್ಳಿ. ಹಾಜರಿ ಪುಸ್ತಕದಲ್ಲಿ ನೋಂದಣಿ ಸಂಖ್ಯೆಯ ಕಲಂ ಇರಲಿ, ಬೆಳಿಗ್ಗೆ ಒಮ್ಮೆ ಊಟದ ನಂತರ ಒಮ್ಮೆ ಸಹಿ ಪಡೆಯಿರಿ.

ಹಣದ ವಿಷಯದಲ್ಲಿ ಬಿಗಿಯಾಗಿರುವುದು ಒಳ್ಳೆಯದು. ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ, ಪ್ರಯಾಣ, ಆತಿಥ್ಯ ಪಡೆಯುವುದನ್ನು 2009ರ ಡಿಸೆಂಬರಿನಲ್ಲಿ ವೈದ್ಯಕೀಯ ನೀತಿ ಸಂಹಿತೆಗೆ ತಂದ ತಿದ್ದುಪಡಿ ನಿರ್ಬಂಧಿಸಿದೆ. 2024ರ ಮಾರ್ಚಿನಲ್ಲಿ ಬಂದ ಔಷಧ ಮಾರಾಟ ಪದ್ಧತಿಯ ಏಕರೂಪ ಸಂಹಿತೆ ಕಂಪನಿಗಳ ಮೇಲೂ ಅದೇ ಬಗೆಯ ಕಟ್ಟುಪಾಡು ಹಾಕಿದೆ. ನೋವಿನ ವಿಷಯದಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ, ಏಕೆಂದರೆ ನೋವುನಿವಾರಕಗಳ ಮಾರುಕಟ್ಟೆ ದೊಡ್ಡದು, ಮತ್ತು ನಾವು ಕಲಿಸಬೇಕಾದ ಔಷಧಗಳಲ್ಲಿ ಹೆಚ್ಚಿನವು ಯಾರಿಗೂ ದೊಡ್ಡ ಲಾಭ ತಾರದ ಹಳೆಯ, ಅಗ್ಗದ ಔಷಧಗಳು. ಸಭೆಗೆ ಬರುವವರಿಂದ ಸಣ್ಣ ಶುಲ್ಕ ಪಡೆದು, ಮಧ್ಯಾಹ್ನ ಸರಳ ಊಟ ಹಾಕಿ, ಸ್ಮರಣಿಕೆ ಮತ್ತು ಶಾಲುಗಳನ್ನು ಬಿಟ್ಟುಬಿಟ್ಟರೆ ಒಂದು ದಿನದ ಸಭೆ ನಡೆದುಹೋಗುತ್ತದೆ. ಉದ್ಘಾಟನೆಗೆ ಹತ್ತು ನಿಮಿಷ ಸಾಕು, ಅದನ್ನು ಹನ್ನೊಂದು ಗಂಟೆಯ ಚಹಾದ ಮುಂಚೆ ಇಟ್ಟುಕೊಳ್ಳಿ.

ಬೆಳಗಿನ ಪಾಠಗಳು

ಬರೀ ಉಪನ್ಯಾಸಗಳಿಂದ ವೈದ್ಯರ ರೂಢಿ ಬದಲಾಗುವುದು ಕಡಿಮೆ, ಕೇಳುಗರೂ ಪಾಲ್ಗೊಳ್ಳುವ ಕಲಿಕೆಯಿಂದ ಹೆಚ್ಚು ಎಂಬುದು ವೈದ್ಯಕೀಯ ಶಿಕ್ಷಣದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಹಾಗಾಗಿ ಇಪ್ಪತ್ತು ನಿಮಿಷಗಳ ಮೂರು ಉಪನ್ಯಾಸಗಳಿಗಿಂತ ಹೆಚ್ಚು ಬೇಡ. ಮೊದಲನೆಯದು ನೋವನ್ನು ಅಳೆಯುವುದರ ಬಗ್ಗೆ, ಎರಡನೆಯದು ಹಲವು ಔಷಧಗಳನ್ನು ಕೂಡಿಸಿ ಬಳಸುವ ಮಲ್ಟಿಮೋಡಲ್ ಕ್ರಮದ ಬಗ್ಗೆ, ಮೂರನೆಯದು ಓಪಿಯಾಯ್ಡ್‌ಗಳ ಸುರಕ್ಷಿತ ಬಳಕೆಯ ಬಗ್ಗೆ ಇರಲಿ.

ಭಾಷಣಕಾರರಿಗೆ ಮೊದಲೇ ಎರಡು ಮಾತು ಹೇಳಿಡಬೇಕು. ಒಂದು, ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕೊಟ್ಟ, ಸೌಮ್ಯ ಔಷಧದಿಂದ ಪ್ರಬಲ ಔಷಧಕ್ಕೆ ಏರುವ ಮೂರು ಮೆಟ್ಟಿಲ ಏಣಿ ಕ್ಯಾನ್ಸರ್ ನೋವಿಗಾಗಿ ರೂಪಿಸಿದ್ದು. ಶಸ್ತ್ರಚಿಕಿತ್ಸೆಯ ನಂತರದ ನೋವು ಮೊದಲ ದಿನವೇ ಹೆಚ್ಚಿದ್ದು ಬಳಿಕ ಇಳಿಯುವುದರಿಂದ ಆ ಏಣಿಯನ್ನು ಕೆಳಗಿನಿಂದ ಹತ್ತುತ್ತಾ ಹೋಗುವುದು ಇಲ್ಲಿ ಹೊಂದುವುದಿಲ್ಲ. ಎರಡು, ಅಮೆರಿಕದಲ್ಲಿ 1990ರ ದಶಕದ ನಡುಭಾಗದಿಂದ ನೋವನ್ನು (ನಾಡಿ, ಉಸಿರು, ರಕ್ತದೊತ್ತಡ, ಉಷ್ಣತೆಗಳ ಸಾಲಿಗೆ ಸೇರಿಸಿ) ಐದನೆಯ ಜೀವಲಕ್ಷಣವೆಂದು ಕರೆದು ಅಂಕವನ್ನಷ್ಟೇ ಇಳಿಸಹೊರಟದ್ದು ಓಪಿಯಾಯ್ಡ್‌ಗಳ ಅತಿಬಳಕೆಗೆ ಇಂಬು ಕೊಟ್ಟಿತೆಂಬ ಟೀಕೆಗೆ ಗುರಿಯಾಯಿತು, 2016ರಲ್ಲಿ ಅಲ್ಲಿನ ವೈದ್ಯರ ಸಂಘವೇ ಆ ಘೋಷಣೆಯನ್ನು ಕೈಬಿಡಲು ಹೇಳಿತು. ನಮ್ಮ ವಾರ್ಡುಗಳ ತೊಂದರೆ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದದ್ದು, ಇಲ್ಲಿ ಮಾರ್ಫಿನ್ ಬೇಕಾದವರಿಗೂ ಸಿಗುವುದಿಲ್ಲ. ಆದರೂ ಅಂಕದ ಜೊತೆಗೆ ರೋಗಿ ಕೆಮ್ಮಬಲ್ಲನೇ, ಮಗ್ಗುಲು ಬದಲಿಸಬಲ್ಲನೇ, ಎದ್ದು ನಡೆಯಬಲ್ಲನೇ ಎಂಬುದನ್ನು ನೋಡುವ ಅಭ್ಯಾಸವನ್ನು ಮೊದಲಿನಿಂದಲೇ ಕಲಿಸುವುದು ಕ್ಷೇಮ.

ಕರಾವಳಿಯ ರೋಗಿಗಳನ್ನೇ ಎದುರಿಗಿಡಿ

ಪ್ರಕರಣ ಚರ್ಚೆಗೆ ಒಂದೂವರೆ ಗಂಟೆ ಕೊಡಿ. ದಿನದಲ್ಲಿ ಅತ್ಯಂತ ಫಲ ಕೊಡುವ ಹೊತ್ತು ಇದು. ಎಂಟೆಂಟು ಮಂದಿಯ ಮೇಜುಗಳಲ್ಲಿ ವೈದ್ಯರನ್ನೂ ನರ್ಸುಗಳನ್ನೂ ಬೆರೆಸಿ ಕೂರಿಸಿ, ನಮ್ಮ ಕಡೆ ದಿನನಿತ್ಯ ಬರುವ ರೋಗಿಗಳ ಕತೆಯನ್ನೇ ಕೊಡಿ.

ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಲು ಅಡಿಕೆ ಮರ ಹತ್ತಿದವರು ಜಾರಿ ಬಿದ್ದು ಪಕ್ಕೆಲುಬು ಮುರಿದುಕೊಂಡು ಬರುತ್ತಾರೆ. ನೋವಿನಿಂದ ಆಳವಾಗಿ ಉಸಿರಾಡಲಾರದೆ, ಕೆಮ್ಮಲಾರದೆ, ಕಫ ಕಟ್ಟಿ ಎರಡು ಮೂರು ದಿನಗಳಲ್ಲಿ ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಇಲ್ಲಿದೆ. ಆದ್ದರಿಂದ ಇಲ್ಲಿ ನೋವಿನ ಚಿಕಿತ್ಸೆಯೇ ಶ್ವಾಸಕೋಶದ ಚಿಕಿತ್ಸೆ. ತಾಲೂಕು ಆಸ್ಪತ್ರೆಯಲ್ಲಿ ಏನು ಕೊಡಬಹುದು, ಯಾವಾಗ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಅಲ್ಲಿ ಯಾವ ನರ್ವ್ ಬ್ಲಾಕ್ (ನರದ ಬಳಿ ಔಷಧ ಚುಚ್ಚಿ ಆ ಭಾಗವನ್ನು ಮರಗಟ್ಟಿಸುವುದು) ಮಾಡಬಹುದು, ಆಂಬುಲೆನ್ಸಿನಲ್ಲಿ ಬರುವಾಗ ಏನು ನೋಡಿಕೊಳ್ಳಬೇಕು ಎಂಬ ನಾಲ್ಕೂ ಪ್ರಶ್ನೆಗಳನ್ನು ಒಂದೇ ರೋಗಿಯ ಸುತ್ತ ಕೇಳಬಹುದು.

ಮಲ್ಪೆಯ ಮೀನುಗಾರನಿಗೆ ತೊರಕೆ ಮೀನಿನ ಮುಳ್ಳು ಕಾಲಿಗೆ ಚುಚ್ಚಿದ ಪ್ರಕರಣ ಇನ್ನೊಂದು. ಈ ನೋವು ಅತಿ ಉಗ್ರವಾದದ್ದು, ಆದರೆ ಅದಕ್ಕೆ ಮೊದಲ ಮದ್ದು ಬಿಸಿನೀರು: ಸುಮಾರು 42ರಿಂದ 45 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ 30ರಿಂದ 90 ನಿಮಿಷ ಕಾಲನ್ನು ಮುಳುಗಿಸಿಡುವುದು. ನೋವಿನಿಂದ ಮರಗಟ್ಟಿದ ಕಾಲಿಗೆ ಬಿಸಿ ಗೊತ್ತಾಗದೆ ಸುಟ್ಟೀತು, ಹಾಗಾಗಿ ಇನ್ನೊಂದು ಕಾಲಿನಲ್ಲಿ ನೀರಿನ ಬಿಸಿಯನ್ನು ಮೊದಲು ಪರೀಕ್ಷಿಸಬೇಕು. ಮುಳ್ಳು ಎದೆಗೋ ಹೊಟ್ಟೆಗೋ ಹೊಕ್ಕಿದ್ದರೆ ಅದನ್ನು ಅಲ್ಲೇ ಕೀಳಬಾರದು. ಧನುರ್ವಾಯು ಚುಚ್ಚುಮದ್ದನ್ನು ಮರೆಯಬಾರದು.

ಮೂರನೆಯ ಗುಂಪಿಗೆ ‘ಡೈಕ್ಲೋಫೆನಾಕ್ ಎಲ್ಲಿ ಕೊಡಬಾರದು’ ಎಂಬ ಒಂದೇ ಸೂತ್ರದಲ್ಲಿ ಹಲವು ರೋಗಿಗಳನ್ನು ಪೋಣಿಸಿ ಕೊಡಿ; ಡೈಕ್ಲೋಫೆನಾಕ್ ಉರಿಯೂತ ಶಮನದ ಔಷಧಗಳಲ್ಲೊಂದು. ಜ್ವರ, ಮೀನಖಂಡದ ತೀವ್ರ ನೋವು ಇರುವ ಗದ್ದೆ ಕೆಲಸದವರಲ್ಲಿ ಇಲಿಜ್ವರದ ಸಂಶಯವಿದ್ದರೆ ಮೂತ್ರಪಿಂಡ ಮೊದಲೇ ಅಪಾಯದಲ್ಲಿರುತ್ತದೆ. ಡೆಂಗೆಯಲ್ಲಿ ರಕ್ತಸ್ರಾವದ ಭಯವಿರುತ್ತದೆ. ಕನ್ನಡಿ ಹಾವು, ಅಂದರೆ ಮಂಡಲದ ಹಾವು, ಕಚ್ಚಿದವರಲ್ಲಿ ಎರಡೂ ಇರುತ್ತವೆ. ಈ ಮೂವರಿಗೂ ಪ್ಯಾರಾಸಿಟಮಾಲ್ ಸರಿ, ಡೈಕ್ಲೋಫೆನಾಕ್ ಸಲ್ಲದು. ಅದೇ ಡೈಕ್ಲೋಫೆನಾಕ್, ಮೂತ್ರಪಿಂಡ ಚೆನ್ನಾಗಿರುವ ಯುವಕನಿಗೆ ಕಲ್ಲಿನ ನೋವು ಬಂದಾಗ ಮೊದಲ ಆಯ್ಕೆಯಾಗುತ್ತದೆ. ಒಂದು ಔಷಧವನ್ನು ನಾಲ್ಕು ರೋಗಿಗಳ ಎದುರು ನಿಲ್ಲಿಸಿ ನೋಡಿದವರಿಗೆ ಅದು ನೆನಪಿನಲ್ಲಿ ಉಳಿಯುತ್ತದೆ.

ಸೊಂಟದ ಹತ್ತಿರ ತೊಡೆಮೂಳೆ ಮುರಿದ ಅಜ್ಜಿ, ಸಿಸೇರಿಯನ್ ಆದ ಬಾಣಂತಿ ಇವರನ್ನೂ ಸೇರಿಸಿ, ಆದರೆ ಐದಕ್ಕಿಂತ ಹೆಚ್ಚು ಪ್ರಕರಣ ಬೇಡ.

ಮಧ್ಯಾಹ್ನದ ಕೈಕೆಲಸ

ಊಟದ ನಂತರ ಯಾರನ್ನೂ ಕತ್ತಲೆ ಸಭಾಂಗಣದಲ್ಲಿ ಕೂರಿಸದೆ ನಾಲ್ಕು ಕಲಿಕಾ ಮೇಜುಗಳಿಗೆ ಸರದಿಯಂತೆ ಕಳಿಸಿ.

ಒಂದು ಮೇಜಿನಲ್ಲಿ ಬರೀ ಲೆಕ್ಕ ನಡೆಯಲಿ, ಎಲ್ಲರೂ ಗಟ್ಟಿಯಾಗಿ ಹೇಳುತ್ತಾ ಮಾಡಲಿ. 40 ಕಿಲೋ ತೂಕದ ವೃದ್ಧೆಗೆ ರಕ್ತನಾಳದ ಮೂಲಕ ಪ್ಯಾರಾಸಿಟಮಾಲ್ ಎಷ್ಟು? ಕಿಲೋಗೆ 15 ಮಿ.ಗ್ರಾಂ. ಲೆಕ್ಕದಲ್ಲಿ 600 ಮಿ.ಗ್ರಾಂ.; ಒಂದು ಗ್ರಾಮಿನ ಬಾಟಲಿಯನ್ನು ಪೂರ್ತಿ ಬಿಡುವ ಅಭ್ಯಾಸ ಇಂಥವರಲ್ಲಿ ಅಪಾಯಕಾರಿ. 50 ಕಿಲೋ ತೂಕದವರಿಗೆ ಬುಪಿವಕೈನ್ (ನರ ಮರಗಟ್ಟಿಸುವ ಔಷಧ) ಕಿಲೋಗೆ 2 ಮಿ.ಗ್ರಾಂ. ಎಂದಿಟ್ಟುಕೊಂಡರೆ 100 ಮಿ.ಗ್ರಾಂ.; ಅಂದರೆ ಶೇ. 0.5ರ ದ್ರಾವಣದಲ್ಲಿ 20 ಮಿ.ಲೀ., ಶೇ. 0.25ರದ್ದರಲ್ಲಿ 40 ಮಿ.ಲೀ. ಅದೇ ವ್ಯಕ್ತಿಗೆ ಔಷಧ ರಕ್ತಕ್ಕೆ ಸೇರಿ ಫಿಟ್ಸ್ ಬಂದರೆ ಶೇ. 20ರ ಲಿಪಿಡ್ ಎಮಲ್ಶನ್ (ಆ ವಿಷಪರಿಣಾಮಕ್ಕೆ ಮದ್ದಾದ ಕೊಬ್ಬಿನ ದ್ರಾವಣ) ಕಿಲೋಗೆ 1.5 ಮಿ.ಲೀ.ನಂತೆ ಮೊದಲಿಗೆ 75 ಮಿ.ಲೀ. ಲಿಪಿಡ್ ತಮ್ಮ ಆಸ್ಪತ್ರೆಯ ಯಾವ ಕಪಾಟಿನಲ್ಲಿದೆ ಎಂಬುದನ್ನು ಪ್ರತಿಯೊಬ್ಬರೂ ಹೇಳಬೇಕು. ಹೇಳಲಾರದವರು ಅದನ್ನು ಬರೆದುಕೊಂಡು ಹೋಗಿ ಮರುದಿನ ಹುಡುಕಬೇಕು.

ಎರಡನೆಯ ಮೇಜು ಮಾರ್ಫಿನ್‌ನದು. ನಮ್ಮಲ್ಲಿ 10 ಮತ್ತು 15 ಮಿ.ಗ್ರಾಂ.ನ ಆಂಪ್ಯೂಲ್‌ಗಳೆರಡೂ ಸಿಗುವುದರಿಂದ ಲೇಬಲ್ ಓದುವುದೇ ಮೊದಲ ಪಾಠ. ಅದನ್ನು ಮಿ.ಲೀ.ಗೆ ಒಂದು ಮಿ.ಗ್ರಾಂ. ಆಗುವಂತೆ ತೆಳು ಮಾಡಿ, ವಯಸ್ಕರಿಗೆ ಒಂದೆರಡು ಮಿ.ಲೀ. ಕೊಟ್ಟು, ಐದು ನಿಮಿಷ ಕಾದು, ನೋವು, ಮಂಪರು, ಉಸಿರಿನ ಗತಿ ಮೂರನ್ನೂ ನೋಡಿ ಮುಂದಿನದನ್ನು ನಿರ್ಧರಿಸುವುದನ್ನು ಅಭ್ಯಾಸ ಮಾಡಿಸಿ. ಉಸಿರು ನಿಧಾನವಾಗುವ ಮೊದಲು ಸಾಮಾನ್ಯವಾಗಿ ಮಂಪರು ಹೆಚ್ಚುತ್ತದೆ, ಹಾಗಾಗಿ ಕರೆದರೆ ಕಣ್ಣು ತೆರೆದು ಮತ್ತೆ ಮಾತಿನ ನಡುವೆಯೇ ನಿದ್ದೆಗೆ ಜಾರುವ ರೋಗಿಗೆ ನೋವಿನ ಅಂಕ ಎಷ್ಟೇ ಇದ್ದರೂ ಮುಂದಿನ ಡೋಸ್ ಇಲ್ಲ ಎಂಬುದನ್ನು ನರ್ಸುಗಳಿಗೆ ಅಧಿಕಾರವಾಗಿಯೇ ಕೊಡಬೇಕು. ಮಾರ್ಫಿನ್ ಪರಿಣಾಮವನ್ನು ಇಳಿಸುವ ನಲೋಕ್ಸೋನ್‌ನ 400 ಮೈಕ್ರೋಗ್ರಾಮಿನ ಆಂಪ್ಯೂಲನ್ನು 10 ಮಿ.ಲೀ. ಮಾಡಿ ಒಂದೊಂದೇ ಮಿ.ಲೀ. ಕೊಡುವುದನ್ನೂ ಇಲ್ಲೇ ಕಲಿಸಿ. ಅಭ್ಯಾಸಕ್ಕೆ ಸಲೈನ್ ತುಂಬಿ ಲೇಬಲ್ ಅಂಟಿಸಿದ ಸಿರಿಂಜುಗಳೇ ಇರಲಿ, ನಿಜವಾದ ಮಾರ್ಫಿನ್ ಸಭೆಯ ಸ್ಥಳಕ್ಕೆ ಬರಲೇಬಾರದು.

ಇದೇ ಮೇಜಿನಲ್ಲಿ ಕಾನೂನಿನ ಭಯವನ್ನೂ ಬಿಡಿಸಬೇಕು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಮೊದಲಾದ ಆರು ಔಷಧಗಳು ‘ಅಗತ್ಯ ಮಾದಕ ಔಷಧ’ಗಳ ಪಟ್ಟಿಗೆ ಬಂದು, ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಬೇರೆ ಬೇರೆ ಪರವಾನಗಿಗಳಿಲ್ಲದೆ ಅವನ್ನು ಇಟ್ಟುಕೊಳ್ಳಬಹುದಾಗಿದೆ. ಟ್ರಮಡಾಲ್ ಕೂಡ 2018ರಿಂದ ಇದೇ ಕಾಯ್ದೆಯ ಅಡಿಗೆ ಬಂದಿದೆ. ದಾಸ್ತಾನು ಪುಸ್ತಕ ಬರೆಯುವ ಕ್ರಮ, ಉಳಿದ ಔಷಧವನ್ನು ಇಬ್ಬರ ಸಹಿಯೊಂದಿಗೆ ಚೆಲ್ಲುವ ಕ್ರಮ ಇವನ್ನು ಆಸ್ಪತ್ರೆಯ ಫಾರ್ಮಸಿಸ್ಟರಿಂದಲೇ ಹೇಳಿಸಿ.

ಮೂರನೆಯದು ಅಲ್ಟ್ರಾಸೌಂಡ್ ನೋಡಿ ಮಾಡುವ ಬ್ಲಾಕ್‌ಗಳದು. ಲಿಂಗಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಾಯಿತ ಜಾಗಕ್ಕೆ ಬದ್ಧವಾದದ್ದು. ನೋವಿನ ಕಾರ್ಯಾಗಾರಕ್ಕೆಂದು ಅದನ್ನು ಕಾರಿನಲ್ಲಿಟ್ಟು ಹೋಟೆಲಿಗೆ ಒಯ್ಯುವುದು ಅಪರಾಧಕ್ಕೆ ಎಡೆಯಾದೀತು. ಯಂತ್ರ ನೋಂದಣಿಯಾಗಿರುವ ಆಸ್ಪತ್ರೆಯಲ್ಲೇ ಮೇಜು ಹೂಡಿ, ಆದರೂ ಜಿಲ್ಲಾ ಸಕ್ಷಮ ಪ್ರಾಧಿಕಾರಕ್ಕೆ ಮೊದಲೇ ಪತ್ರ ಬರೆದು ಲಿಖಿತ ಉತ್ತರ ಪಡೆದಿಟ್ಟುಕೊಳ್ಳಿ. ಇಡೀ ಮೇಜಿಗೆ ಒಂದೇ ಬ್ಲಾಕ್ ಸಾಕು. ತೊಡೆಮೂಳೆ ಮುರಿದವರಿಗೆ ಉಪಯೋಗವಾಗುವ ಫ್ಯಾಸಿಯಾ ಇಲಿಯಾಕಾ ಬ್ಲಾಕನ್ನು ಹತ್ತು ಮಂದಿ ಸರಿಯಾಗಿ ಕಲಿತರೆ, ಎಂಟು ಬ್ಲಾಕ್‌ಗಳನ್ನು ಪರದೆಯ ಮೇಲೆ ನೋಡಿ ಹೋದದ್ದಕ್ಕಿಂತ ಹೆಚ್ಚು ಲಾಭ.

ನಾಲ್ಕನೆಯ ಮೇಜಿನಲ್ಲಿ ರೋಗಿಯೊಡನೆ ಮಾತು. ಹಿರಿಯ ನರ್ಸೊಬ್ಬರು ರೋಗಿಯಾಗಿ ಮಲಗಲಿ, ಕಲಿಯುವವರು ತುಳು, ಕೊಂಕಣಿ, ಬ್ಯಾರಿ, ಕನ್ನಡಗಳಲ್ಲಿ ತಮಗೆ ಬರುವುದರಲ್ಲಿ ಕೇಳಲಿ. ‘ನೋವುಂಟಾ?’ ಎಂದಷ್ಟೇ ಕೇಳಿದರೆ ನಮ್ಮ ಹಿರಿಯರು ‘ಇಲ್ಲ, ಅಡ್ಡಿಯಿಲ್ಲ’ ಎನ್ನುತ್ತಾರೆ. ‘ಒಮ್ಮೆ ಕೆಮ್ಮಿ ಅಮ್ಮ, ಈಗ ಎಷ್ಟಾಗುತ್ತದೆ, ಸ್ವಲ್ಪವಾ, ತಡೆಯುವಷ್ಟಾ, ತಡೆಯಲಾಗದಷ್ಟಾ?’ ಎಂದರೆ ಮುಖ ಕಿವುಚುವುದು ಕಾಣುತ್ತದೆ. ಸೊನ್ನೆಯಿಂದ ಹತ್ತರ ಅಂಕ ಒಗ್ಗದವರಿಗೆ ಈ ಮೂರು ಮೆಟ್ಟಿಲು ಸಾಕು. ಮಕ್ಕಳಿಗೆ, ಮರೆಗುಳಿತನ ಇರುವವರಿಗೆ ಮುಖಭಾವ, ಅಳು, ಕೈಕಾಲುಗಳ ಚಲನೆ ನೋಡುವ ಮಾಪಕಗಳಿವೆ. ಹೇಳಲಾಗದವರಿಗೂ ನೋವಿರುತ್ತದೆ ಎಂಬುದನ್ನು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ ಸ್ಪಷ್ಟವಾಗಿಯೇ ಹೇಳಿದೆ.

ಹೊರಡುವ ಮುನ್ನ, ಹೊರಟ ಮೇಲೆ

ಕೊನೆಯ ಮುಕ್ಕಾಲು ಗಂಟೆಯನ್ನು ಆದೇಶ ಹಾಳೆ ಬರೆಯಲು ಬಿಡಿ. ಪ್ರತಿ ಆಸ್ಪತ್ರೆಯ ತಂಡ ತನ್ನಲ್ಲಿ ಸಿಗುವ ಔಷಧಗಳನ್ನೇ ಇಟ್ಟುಕೊಂಡು, ಶಸ್ತ್ರಚಿಕಿತ್ಸೆಯ ನಂತರದ ಮೊದಲ 48 ಗಂಟೆಗಳಿಗೆ ಒಂದು ಪುಟದ ಆದೇಶವನ್ನು ತಾನೇ ತಯಾರಿಸಲಿ; ಮೇಲೆ ವಯಸ್ಸು, ತೂಕ, ಮೂತ್ರಪಿಂಡದ ಸ್ಥಿತಿ, ಅಲರ್ಜಿ, ಕೆಳಗೆ ನಿಗದಿತ ಔಷಧಗಳು, ಆಮೇಲೆ ಹೆಚ್ಚುವರಿ ಔಷಧ, ಕೊನೆಗೆ ಯಾವಾಗ ಯಾರಿಗೆ ಕರೆ ಮಾಡಬೇಕು ಎಂಬುದು. ದೊಡ್ಡ ಆಸ್ಪತ್ರೆಯ ಹಾಳೆಯನ್ನು ನಕಲು ಮಾಡಿದರೆ ತಾಲೂಕಿನಲ್ಲಿ ಇಲ್ಲದ ಔಷಧದ ಹೆಸರು ಅದರಲ್ಲಿ ಉಳಿದುಬಿಡುತ್ತದೆ. ಹೊರಡುವ ಮೊದಲು ಇಬ್ಬರು ಅಧ್ಯಾಪಕರು ಪ್ರತಿ ಹಾಳೆಯನ್ನೂ ಓದಿ ಪ್ರಮಾಣಗಳನ್ನು ತಿದ್ದಲಿ.

ಬೆಳಿಗ್ಗೆ ಕೊಟ್ಟ ಹತ್ತು ಪ್ರಶ್ನೆಗಳನ್ನೇ ಸಂಜೆಯೂ ಕೊಟ್ಟು ಉತ್ತರ ಪಡೆಯಬಹುದು, ಆದರೆ ಅದು ಆ ದಿನದ ನೆನಪನ್ನಷ್ಟೇ ಅಳೆಯುತ್ತದೆ. ನಿಜವಾದ ಅಳತೆ ಮೂರು ತಿಂಗಳ ನಂತರದ್ದು. ಅದೇ ವಾರ್ಡುಗಳಲ್ಲಿ ಅಷ್ಟೇ ಕೇಸ್ ಶೀಟುಗಳನ್ನು ತೆರೆದು, ಮೊದಲು ಎಣಿಸಿದ ಮೂರು ವಿಷಯಗಳನ್ನೇ ಮತ್ತೆ ಎಣಿಸಿ, ಒಂದು ಗಂಟೆಯ ಚಿಕ್ಕ ಸಭೆಯನ್ನು ವಾರ್ಡಿನ ಪಕ್ಕದ ಕೋಣೆಯಲ್ಲೇ ಕರೆಯಿರಿ. ನಿಗದಿತ ಔಷಧ ಬರೆಯುವುದು ಹೆಚ್ಚಿದ್ದು, ಕೊಟ್ಟದ್ದು ಮಾತ್ರ ಹೆಚ್ಚದಿದ್ದರೆ ತೊಡಕು ದಾಸ್ತಾನಿನಲ್ಲೋ ನರ್ಸುಗಳ ಸಂಖ್ಯೆಯಲ್ಲೋ ಇದೆ. ಅದನ್ನು ಇನ್ನೊಂದು ಉಪನ್ಯಾಸ ಸರಿಪಡಿಸುವುದಿಲ್ಲ, ಆಡಳಿತಾಧಿಕಾರಿಯೊಂದಿಗೆ ಕುಳಿತು ಮಾತಾಡಬೇಕು. ಬರೆಯುವುದೇ ಬದಲಾಗದಿದ್ದರೆ ಆ ಘಟಕದ ಮುಖ್ಯಸ್ಥರನ್ನು ಒಬ್ಬೊಬ್ಬರಾಗಿ ಕಂಡು, ಅವರದೇ ವಾರ್ಡಿನ ಹಾಳೆಗಳನ್ನು ಮುಂದಿಟ್ಟು, ಮುಂದಿನ ಸಭೆಯಲ್ಲಿ ಒಂದು ಪ್ರಕರಣವನ್ನು ಅವರೇ ನಡೆಸಿಕೊಡುವಂತೆ ಕೇಳಿಕೊಳ್ಳಿ.